ಹಳೆಯ ಜೀಪುಗಳು, ಮಾಲೀಕರ ಸಂಘಗಳು ಮತ್ತು ಬಿಡಿಭಾಗಗಳ ಮಾರುಕಟ್ಟೆ

ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಗೆ ನಿಂತಿರುವ ‘ಪಯಣ’ ಸಂಗ್ರಹಾಲಯದಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಮೋಟಾರು ವಾಹನಗಳಿಗೆ ನೆಲೆ ದೊರೆತಿದೆ. ಇಂಥ ಕಡೆ ನೋಡುಗರನ್ನು ಮೊದಲು ಸೆಳೆಯುವುದು ಸಹಜವಾಗಿಯೇ ಸಿರಿವಂತರ ಕಾರುಗಳು. ಆದರೆ ಅದೇ ಹೆದ್ದಾರಿಯಿಂದ ಒಳಕ್ಕೆ ತಿರುಗಿ ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆ ಹೊರಟರೆ, ಹಳ್ಳಿಗಳ ಹಿರಿಯರ ನೆನಪಿನಲ್ಲಿ ಉಳಿದಿರುವ ಮೋಟಾರು ಬೇರೆಯದೇ ಆಗಿದೆ. ನಾಲೆಯ ಏರಿಯ ಮೇಲೆ ನೀರಾವರಿ ಇಲಾಖೆಯವರನ್ನು, ಕೆಸರು ದಾರಿಯಲ್ಲಿ ಬಿ.ಡಿ.ಒ. ಸಾಹೇಬರನ್ನು, ಚುನಾವಣೆ ಬಂದಾಗ ಧ್ವನಿವರ್ಧಕವನ್ನು ಹೊತ್ತು ತಂದದ್ದು ಜೀಪು.

ಈ ವಾಹನ ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಚಾಲನಶಕ್ತಿ ತಲುಪುವ ವಾಹನವನ್ನು ಬಯಸಿದಾಗ, ಮೊದಲ ಮಾದರಿಯನ್ನು ಒಪ್ಪಿಸಿದ್ದು ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ದೊಡ್ಡ ಪ್ರಮಾಣದ ಗುತ್ತಿಗೆ ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ನಕ್ಷೆ ಮಾಡಿಕೊಟ್ಟ ಸಣ್ಣ ಉದ್ದಿಮೆಯ ಕೈಗೆ ಹಿಂದೆ ಜೋಡಿಸುವ ಟ್ರೈಲರ್‌ಗಳ ಕೆಲಸ ಉಳಿಯಿತು. ಸಣ್ಣ ಕೈಗಾರಿಕೆಯವರಿಗೆ ಈ ಕಥೆ ಅಪರಿಚಿತವೇನಲ್ಲ! ಯುದ್ಧ ಮುಗಿಯುವ ವೇಳೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಭಾರತದಲ್ಲಿ ಉಳಿದುಹೋದ ಯುದ್ಧಕಾಲದ ವಾಹನಗಳು ‘ಡಿಸ್ಪೋಸಲ್ಸ್’ ಮಾರಾಟದ ಮೂಲಕ ಖಾಸಗಿಯವರ ಕೈ ಸೇರಿದವು. ಎಡಗಡೆ ಸ್ಟೀರಿಂಗ್ ಇರುವ ಹಳೆಯ ಜೀಪುಗಳು ಇಲ್ಲಿ ಕಾಣಸಿಗುವುದಕ್ಕೆ ಇದೇ ಕಾರಣ.

1947ರಲ್ಲಿ ಮಹೀಂದ್ರಾ ಸಂಸ್ಥೆ ಬಿಡಿಭಾಗಗಳ ರೂಪದಲ್ಲಿ 75 ಜೀಪುಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುವ ಕೆಲಸಕ್ಕೆ ಕೈಹಾಕಿತು. ಕ್ರಮೇಣ ಇಲ್ಲಿಯೇ ತಯಾರಿಕೆ ಬೆಳೆಯಿತು. ವಿಲ್ಲಿಸ್‌ನವರು 1953ರಲ್ಲಿ ಹೊರತಂದ ಸಿಜೆ–3ಬಿ ಮಾದರಿಯೇ ಭಾರತದ ‘ಮಹೀಂದ್ರಾ ಜೀಪು’. ಇದರ ‘ಹರಿಕೇನ್’ ಎಂಜಿನ್ ಹಿಂದಿನದಕ್ಕಿಂತ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ ಈ ಮಾದರಿ ಮರೆಯಾದ ಬಹುಕಾಲದವರೆಗೂ ಇಲ್ಲಿ ಅದರ ತಯಾರಿಕೆ ಮುಂದುವರಿಯಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಬಳಿಕ ಬ್ಲಾಕ್ ಕಚೇರಿಗಳಿಗೆ ಜೀಪು ಬಂತು. ‘ಜೀಪು ಬಂತು’ ಎಂದರೆ ಸರ್ಕಾರ ಬಂತು ಎಂಬ ಅರ್ಥ ಹಳ್ಳಿಗಳಲ್ಲಿ ಬೇರೂರಿತು.

ಇಲಾಖೆಗಳು ಕೈಬಿಟ್ಟ ಜೀಪುಗಳನ್ನು ಹರಾಜಿನಲ್ಲಿ ಕೊಂಡು, ತಗಡು ಕೆಲಸ ಮಾಡಿಸಿ, ಹೊಸ ಹುಡ್ ಹೊಲಿಸಿ ಮಾರುವುದು ಒಂದು ಕಾಲಕ್ಕೆ ಪಟ್ಟಣಗಳ ಗ್ಯಾರೇಜುಗಳ ನಿಶ್ಚಿತ ಕಸುಬಾಗಿತ್ತು. ಪೆಟ್ರೋಲಿನ ಖರ್ಚು ತಾಳಲಾರದೆ ಡೀಸೆಲ್ ಎಂಜಿನ್ ಕೂರಿಸುವುದು ಅದರ ಮುಂದಿನ ಹಂತ. ಲೇತ್ ಕೆಲಸದವರು, ವೆಲ್ಡಿಂಗ್‌ನವರು, ಬಿಡಿಭಾಗದ ಅಂಗಡಿಯವರು ಎಲ್ಲರಿಗೂ ಅದರಿಂದ ಒಂದಿಷ್ಟು ದುಡಿಮೆ ಇತ್ತು. ಜೀಪುಗಳು ಅರ್ಧ ಶತಮಾನ ಬಾಳಿದ್ದರೆ ಅದರ ಶ್ರೇಯಸ್ಸು ಬಹುಮಟ್ಟಿಗೆ ಈ ಗ್ಯಾರೇಜುಗಳಿಗೆ ಸಲ್ಲಬೇಕು.

ಈಗ ಆ ವ್ಯವಹಾರದ ನೆಲೆ ಬದಲಾಗಿದೆ. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿದ್ದು, ಅವು ನೋಂದಾಯಿತ ಗುಜರಿ ಘಟಕಗಳಿಗೇ ಹೋಗಬೇಕಾಗಿದೆ. ಖಾಸಗಿ ಲಘು ಮೋಟಾರು ವಾಹನದ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೇರಿತು. ಇಪ್ಪತ್ತು ವರ್ಷ ಮೀರಿದ ವಾಹನಗಳಿಗೆ 2025ರಲ್ಲಿ ಅದನ್ನು 10,000 ರೂಪಾಯಿಗೆ ಏರಿಸಲಾಯಿತು. ತಯಾರಕರ ಮೂಲ ವಿವರಣೆಗೆ ಹೊಂದದ ಬದಲಾವಣೆಗಳನ್ನು ವಾಹನಗಳಲ್ಲಿ ಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ.

ಇದರ ಜೊತೆಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ರೂಪಿಸಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದಿರುವ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ವಿಶೇಷ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ಅವಧಿ ಹತ್ತು ವರ್ಷ. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು, ಬಾಡಿಗೆಗೆ ಅವಕಾಶವಿಲ್ಲ. ಚಾಸಿ, ಕವಚ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಇಲ್ಲಿನ ಮುಖ್ಯ ಷರತ್ತು. ತೊಡಕು ಇರುವುದೂ ಅಲ್ಲಿಯೇ. ಯಾವ ಡೀಸೆಲ್ ಎಂಜಿನ್ ಜೀಪನ್ನು ಇಷ್ಟು ಕಾಲ ಬದುಕಿಸಿತೋ, ಅದೇ ಈಗ ಅದರ ಮಾನ್ಯತೆಗೆ ಅಡ್ಡ ಬರುತ್ತದೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತು, ಯಾರೂ ಕೈಹಾಕದ ಪೆಟ್ರೋಲ್ ಜೀಪೇ ಹೆಚ್ಚು ಬೆಲೆಗೆ ಅರ್ಹವಾಗುತ್ತದೆ.

ಮಾಲೀಕರ ಸಂಘಗಳ ಉಪಯೋಗ ಈ ಸಂದರ್ಭದಲ್ಲಿ ಎದ್ದು ಕಾಣುತ್ತದೆ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಜೀಪುಪ್ರಿಯರ ಪ್ರತ್ಯೇಕ ಕೂಟಗಳೂ ಇವೆ. ಭಾನುವಾರದ ವಿಹಾರವಷ್ಟೇ ಇವುಗಳ ಕೆಲಸವೆಂದು ಭಾವಿಸುವವರು ಉಂಟು. ಆದರೆ ಕೊಳ್ಳುವವರಿಗೂ ಮಾರುವವರಿಗೂ ಬೇಕಾದ ತಿಳಿವಳಿಕೆ ಇರುವುದು ಇಂಥ ಸದಸ್ಯರ ಬಳಿಯೇ. ಯುದ್ಧಕಾಲದ ಜೀಪಿನ ಮುಂಭಾಗದ ಅಚ್ಚೊತ್ತಿದ ಜಾಲರಿಯಲ್ಲಿ ಒಂಬತ್ತು ಸೀಳುಗಳಿದ್ದರೆ, ನಾಗರಿಕ ಮಾದರಿಯಲ್ಲಿ ಏಳು; ಫೋರ್ಡ್ ತಯಾರಿಸಿದ ಜೀಪುಗಳ ಬೋಲ್ಟುಗಳ ಮೇಲೂ ‘ಎಫ್’ ಅಕ್ಷರದ ಮುದ್ರೆ ಇರುತ್ತದೆ. ಬೆಲೆ ನಿಗದಿಯಾಗುವುದು ಇಂಥ ಗುರುತುಗಳ ಮೇಲೆ. 1948ರಲ್ಲಿ ಭಾರತ ಸರ್ಕಾರವೇ ವಿದೇಶದಿಂದ ಹಳೆಯ ಜೀಪುಗಳನ್ನು ಕೊಂಡು, ಬಂದಿಳಿದ 155 ವಾಹನಗಳು ಉಪಯೋಗಕ್ಕೆ ಬಾರದೆ ಸಂಸತ್ತಿನಲ್ಲಿ ಗದ್ದಲವಾದುದನ್ನು ನೆನೆದರೆ, ಬಲ್ಲವರ ಪರೀಕ್ಷೆಯ ಬೆಲೆ ತಿಳಿದೀತು.

ಸಂಘವು ಜೀವನೋಪಾಯವನ್ನೂ ಕಾಯಬಲ್ಲದೆಂಬುದಕ್ಕೆ ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜಾಂಗ್ ನಿದರ್ಶನ. ಅಲ್ಲಿಂದ ಸಂದಕ್‌ಫುವಿಗೆ ಏರುವ ಸುಮಾರು 30 ಕಿಲೋಮೀಟರಿನ ದುರ್ಗಮ ದಾರಿಯಲ್ಲಿ 1950ರ ದಶಕದ ಲ್ಯಾಂಡ್ ರೋವರುಗಳು ದಶಕಗಳಿಂದ ಪ್ರವಾಸಿಗರನ್ನು ಸಾಗಿಸಿವೆ. ಮಾಲೀಕರು ಸಂಘ ಕಟ್ಟಿಕೊಂಡಿದ್ದಾರೆ. ಹಲವು ವಾಹನಗಳಿಗೆ ಭಾರತೀಯ ಡೀಸೆಲ್ ಎಂಜಿನ್ ಹಾಕಲಾಗಿದೆ. ಸಂಗ್ರಹಕಾರರ ಕಣ್ಣಿಗೆ ಅದು ದೋಷ, ಅಲ್ಲಿನ ಚಾಲಕರಿಗೆ ಅನ್ನ. ನಮ್ಮ ಕೊಡಗಿನ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಒಯ್ಯುವ ಜೀಪುಗಳೂ ಇದೇ ಬಗೆಯ ದುಡಿಮೆಯವು.

ನಾಲ್ಕು ತಾಲ್ಲೂಕುಗಳ ಸಣ್ಣ ತಯಾರಕರಿಗೆ ಇಲ್ಲಿ ಎರಡು ಬಗೆಯ ಗಿರಾಕಿಗಳಿದ್ದಾರೆ. ದುಡಿಯುವ ಜೀಪಿನವರಿಗೆ ಗಟ್ಟಿಯಾದ, ಅಗ್ಗದ ಭಾಗ ಬೇಕು. ಸಂಗ್ರಹಕಾರರಿಗೆ ಮೂಲದ ಅಳತೆ, ಮೂಲದ ದಪ್ಪದ ತಗಡು, ಮೂಲದಂತೆಯೇ ಹೊಲಿದ ಕ್ಯಾನ್‌ವಾಸ್ ಹುಡ್ ಬೇಕು. ಹತ್ತು–ಇಪ್ಪತ್ತು ನಗಗಳ ಬೇಡಿಕೆಯಾದರೂ ಅವರು ಬೆಲೆಗೆ ಹೆಚ್ಚು ಚೌಕಾಸಿ ಮಾಡುವವರಲ್ಲ. ಒಬ್ಬೊಬ್ಬರೇ ಕೇಳಿದರೆ ಅಚ್ಚು ಮಾಡಿಸುವ ಖರ್ಚು ಹುಟ್ಟುವುದಿಲ್ಲ. ಸಂಘದ ಮೂಲಕ ಬೇಡಿಕೆ ಒಟ್ಟುಗೂಡಿದರೆ ರಬ್ಬರ್ ಬುಷ್, ಹಿತ್ತಾಳೆಯ ಬುಷ್, ತಗಡಿನ ನೆಲಹಾಸುಗಳಂಥವನ್ನು ಚಿಕ್ಕ ಘಟಕವೂ ಪೂರೈಸಬಹುದು. ಲೋಹದ ಎರಕಕ್ಕೆ ಹೆಸರಾದ ನಾಗಮಂಗಲಕ್ಕೆ ಇದೇನೂ ಹೊರಗಿನ ವಿದ್ಯೆಯಲ್ಲ.

ಸರದಿಯಲ್ಲಿ ಇನ್ನೂ ವಾಹನಗಳಿವೆ. ನಿಸ್ಸಾನ್ ಪರವಾನಗಿಯಲ್ಲಿ ಜಬಲ್ಪುರದಲ್ಲಿ 1969ರಿಂದ ಸೇನೆಗಾಗಿ ತಯಾರಾದ ಜೊಂಗಾದ ಮೊದಲ ವಾಹನಗಳು ಐವತ್ತರ ಗಡಿ ದಾಟಿವೆ. 1985ರ ಡಿಸೆಂಬರಿನಲ್ಲಿ ಬಂದ ಮಾರುತಿ ಜಿಪ್ಸಿಗೆ ಆ ಯೋಗ 2035ರ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಹಳೆಯ ಗ್ಯಾರೇಜುಗಳವರು ಮಾಡಬಹುದಾದ ಒಂದು ಕೆಲಸವಿದೆ. ಡೀಸೆಲ್ ಎಂಜಿನ್ ಕೂರಿಸಿದಾಗ ಕಳಚಿಟ್ಟ ಹರಿಕೇನ್ ಎಂಜಿನ್, ಕಾರ್ಬುರೇಟರ್, ಚಾಸಿ ಸಂಖ್ಯೆಯ ಫಲಕಗಳು ಶೆಡ್ಡಿನ ಮೂಲೆಯಲ್ಲಿ ಇನ್ನೂ ಬಿದ್ದಿದ್ದರೆ, ಅವುಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವ ಮೊದಲು ಯಾವುದಾದರೂ ಮಾಲೀಕರ ಸಂಘಕ್ಕೆ ಒಂದು ಪತ್ರ ಬರೆಯುವುದು ಲಾಭದಾಯಕ.