ಮಿದುಳಿನ ಪೊರೆಯ ಉರಿಯೂತ

ನಮ್ಮ ಶರೀರದಲ್ಲಿ ಮಿದುಳಿನಷ್ಟು ಭದ್ರವಾಗಿ ಕಾಪಾಡಲ್ಪಟ್ಟ ಅಂಗ ಮತ್ತೊಂದಿಲ್ಲ. ಹೊರಗೆ ತಲೆಬುರುಡೆಯೆಂಬ ಕೋಟೆ. ಅದರೊಳಗೆ ಒಂದರ ಕೆಳಗೊಂದು ಮೂರು ಪೊರೆಗಳು. ಮೊದಲನೆಯದು ದಪ್ಪವಾಗಿಯೂ ಗಡುಸಾಗಿಯೂ ಇದೆ. ಎರಡನೆಯದು ಜೇಡರ ಬಲೆಯಂತೆ ನವಿರು. ಮೂರನೆಯದು ಮಿದುಳಿನ ಮೈಗೇ ಅಂಟಿಕೊಂಡಿದೆ. ಒಳಗಿನ ಎರಡು ಪೊರೆಗಳ ನಡುವೆ ತಿಳಿನೀರಿನಂತಹ ದ್ರವ ಸಂಚರಿಸುತ್ತಿರುತ್ತದೆ. ವಯಸ್ಕರಲ್ಲಿ ಈ ದ್ರವದ ಒಟ್ಟು ಪ್ರಮಾಣ ಸುಮಾರು 150 ಮಿಲಿಲೀಟರು. ಇದೇ ಪೊರೆಗಳೂ ಇದೇ ದ್ರವವೂ ಬೆನ್ನುಹುರಿಯನ್ನೂ ಆವರಿಸಿವೆ. ಈ ಪೊರೆಗಳಿಗೆ ಸೋಂಕು ತಗಲಿ ಅವು ಉರಿಯೂತಗೊಂಡರೆ ಆ ರೋಗವನ್ನು ವೈದ್ಯರು ಮೆನಿಂಜೈಟಿಸ್ ಎಂದು ಕರೆಯುತ್ತಾರೆ.

ಆಡುಮಾತಿನಲ್ಲಿ ಇದಕ್ಕೆ ಮಿದುಳು ಜ್ವರವೆಂಬ ಹೆಸರುಂಟು. ಆದರೆ ಸೊಳ್ಳೆಗಳಿಂದ ಹರಡುವ, ಮಿದುಳಿನ ಒಡಲನ್ನೇ ಹಿಡಿಯುವ ವೈರಸ್ ರೋಗಕ್ಕೂ ಜನರು ಅದೇ ಹೆಸರನ್ನು ಹೇಳುವುದರಿಂದ ಎರಡನ್ನೂ ಬೇರೆಬೇರೆಯಾಗಿ ತಿಳಿಯಬೇಕು. ಪೊರೆಯ ಉರಿಯೂತಕ್ಕೆ ವೈರಸ್ಸುಗಳೂ ಕ್ಷಯದ ರೋಗಾಣುವೂ ಕಾರಣವಾಗಬಲ್ಲವು. ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ತರಬಲ್ಲದ್ದು ಮಾತ್ರ ಬ್ಯಾಕ್ಟೀರಿಯಗಳಿಂದ ಬರುವ ಉರಿಯೂತ.

ಈ ಬ್ಯಾಕ್ಟೀರಿಯಗಳಲ್ಲಿ ಮೂರು ಮುಖ್ಯವಾದವು: ಜೋಡಿಜೋಡಿಯಾಗಿ ಕಾಣುವ ಮೆನಿಂಗೊಕಾಕಸ್, ನ್ಯುಮೋನಿಯಕ್ಕೂ ಕಾರಣವಾದ ನ್ಯುಮೊಕಾಕಸ್, ಎಳೆಯ ಮಕ್ಕಳನ್ನು ಪೀಡಿಸುವ ಹಿಬ್. ಆಶ್ಚರ್ಯದ ಸಂಗತಿಯೆಂದರೆ ಇವು ದೂರದೇಶದ ಶತ್ರುಗಳಲ್ಲ. ಆರೋಗ್ಯವಂತರ ಮೂಗು ಗಂಟಲುಗಳಲ್ಲಿಯೇ ತಣ್ಣಗೆ ಬಾಳಿಕೊಂಡಿರುತ್ತವೆ. ಕೆಮ್ಮು ಸೀನುಗಳ ತುಂತುರಿನಿಂದ ಒಬ್ಬರಿಂದೊಬ್ಬರಿಗೆ ಸಾಗುತ್ತವೆ. ಬಹುಮಂದಿಗೆ ಇದರಿಂದ ಏನೂ ಆಗುವುದಿಲ್ಲ. ಎಲ್ಲೋ ಒಬ್ಬರಲ್ಲಿ ರೋಗಾಣು ಗಂಟಲಿನ ಒಳಪದರವನ್ನು ದಾಟಿ ರಕ್ತವನ್ನು ಸೇರಿ, ಅಲ್ಲಿಂದ ಪೊರೆಗಳನ್ನು ತಲಪುತ್ತದೆ. ರೋಗಾಣುಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು ಆ ತಿಳಿದ್ರವದಲ್ಲಿ ತೀರ ವಿರಳವಾದುದರಿಂದ ಅದು ಅಲ್ಲಿ ನಿರಾತಂಕವಾಗಿ ವೃದ್ಧಿಯಾಗುತ್ತದೆ. ಮುಂದೆ ಊತ ಹೆಚ್ಚಿದಂತೆಲ್ಲ ಗಟ್ಟಿಯಾದ ಬುರುಡೆಯೊಳಗೆ ಹಿಗ್ಗಲು ಎಡೆಯಿಲ್ಲದೆ ಮಿದುಳಿನ ಮೇಲೆ ಒತ್ತಡ ಬೀಳುತ್ತದೆ. ಕಾಪಾಡಬೇಕಾದ ಕೋಟೆಯೇ ಆಗ ಸೆರೆಮನೆಯಾಗುತ್ತದೆ.

ಜಿನೀವಾ ನಗರದಲ್ಲಿ 1805ರಲ್ಲಿ ಹರಡಿದ ಈ ವ್ಯಾಧಿಯನ್ನು ವ್ಯೂಸೋ ಎಂಬ ವೈದ್ಯನು ವರ್ಣಿಸಿದನು. ವಿಯೆನ್ನಾದ ವೈಖ್ಸೆಲ್‌ಬೌಮ್ 1887ರಲ್ಲಿ ಮೆನಿಂಗೊಕಾಕಸ್ಸನ್ನು ಗುರುತಿಸಿದನು. ಜರ್ಮನಿಯ ಕ್ವಿಂಕೆ 1891ರಲ್ಲಿ ಸೊಂಟದ ಬಳಿ ಬೆನ್ನುಮೂಳೆಗಳ ನಡುವೆ ಸೂಜಿಯನ್ನಿಟ್ಟು ದ್ರವವನ್ನು ತೆಗೆಯುವ ವಿಧಾನವನ್ನು ತಿಳಿಸಿದನು. ತಿಳಿಯಾಗಿರಬೇಕಾದ ದ್ರವ ಕದಡಿದ್ದರೆ ರೋಗದ ಸುಳಿವು ಸಿಕ್ಕಿತು. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಸ್ವಾಧೀನ ತಪ್ಪುವುದೆಂಬ ಭಯದಿಂದ ಕೆಲವರು ಇಂದಿಗೂ ಈ ಪರೀಕ್ಷೆಗೆ ಒಪ್ಪುವುದಿಲ್ಲ. ಬೆನ್ನುಹುರಿ ಮುಗಿದ ಮೇಲಿನ ಕೆಳಭಾಗದಲ್ಲಿ ಸೂಜಿಯನ್ನು ಇಡುವುದರಿಂದ ಹುರಿಗೆ ಅದು ತಗಲುವುದಿಲ್ಲವೆಂಬುದನ್ನು ಅಂಥವರಿಗೆ ತಿಳಿಯಹೇಳಬೇಕು.

ರೋಗದ ಲಕ್ಷಣಗಳನ್ನು ಎಲ್ಲರೂ ಅರಿತಿರುವುದು ಅಗತ್ಯ. ಒಮ್ಮೆಲೆ ಏರುವ ಜ್ವರ, ಸಹಿಸಲಾಗದ ತಲೆನೋವು, ವಾಂತಿ, ಬೆಳಕನ್ನು ನೋಡಲಾಗದಿರುವುದು, ಮಂಪರು, ಗದ್ದವನ್ನು ಎದೆಗೆ ಮುಟ್ಟಿಸಲಾಗದಂತೆ ಕತ್ತು ಸೆಟೆದುಕೊಳ್ಳುವುದು, ಇವು ಮುಖ್ಯವಾದವು. ಹಾಲುಣ್ಣುವ ಕೂಸಿನಲ್ಲಿ ಕತ್ತು ಸೆಟೆಯದೆಯೂ ಇರಬಹುದು. ಮೊಲೆಯುಣ್ಣದೆ ಕೀರಲು ದನಿಯಲ್ಲಿ ಅಳುವುದು, ನೆತ್ತಿಯ ಮೆತ್ತನೆಯ ಭಾಗ ಉಬ್ಬುವುದು ಅಲ್ಲಿ ಎಚ್ಚರಿಕೆಯ ಗುರುತುಗಳು. ಮೈಮೇಲೆ ಎದ್ದ ಕೆಂಪು ಅಥವಾ ನೇರಳೆ ಚುಕ್ಕೆಗಳು ಗಾಜಿನ ಲೋಟದಿಂದ ಒತ್ತಿದರೂ ಮಾಸದಿದ್ದರೆ ಒಂದು ಕ್ಷಣವೂ ತಡಮಾಡಬಾರದು. ಎಲ್ಲ ಲಕ್ಷಣಗಳೂ ಕೂಡಿಬರಲೆಂದು ಕಾಯುವುದು ಅಪಾಯಕರ. ಬೆಳಗಾಗಲಿ ನೋಡೋಣವೆಂಬ ಮಾತು ಈ ರೋಗದ ಮುಂದೆ ಸಲ್ಲದು. ಆಸ್ಪತ್ರೆಯಲ್ಲಿ ಜೀವಿರೋಧಕ ಔಷಧವನ್ನು ಬೇಗ ರಕ್ತನಾಳಕ್ಕೆ ಕೊಟ್ಟಷ್ಟೂ ಉಳಿಯುವ ಆಸೆ ಹೆಚ್ಚು. ಮೆನಿಂಗೊಕಾಕಸ್ ರೋಗವಾದರೆ ರೋಗಿಯ ಮನೆಯವರಿಗೂ ವೈದ್ಯರು ಮುಂಜಾಗ್ರತೆಯ ಔಷಧವನ್ನು ಕೊಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಬ್ಯಾಕ್ಟೀರಿಯಗಳಿಂದ ಈ ರೋಗ ತಗಲಿದ ಆರು ಜನರಲ್ಲಿ ಒಬ್ಬರು ಸಾಯುತ್ತಾರೆ. ಐವರಲ್ಲಿ ಒಬ್ಬರಿಗೆ ಕಠಿಣವಾದ ನ್ಯೂನತೆ ಉಳಿಯುತ್ತದೆ. ಅವುಗಳಲ್ಲಿ ಕಿವುಡುತನ ಉಪಾಧ್ಯಾಯರು ವಿಶೇಷವಾಗಿ ನೆನಪಿಡಬೇಕಾದದ್ದು. ಗುಣವಾಗಿ ಶಾಲೆಗೆ ಮರಳಿದ ಮಗು ಕರೆದರೆ ಓಗೊಡದಿದ್ದರೆ ಅದನ್ನು ಉದಾಸೀನವೆಂದು ದಂಡಿಸುವ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸುವುದು ನಮ್ಮ ಕರ್ತವ್ಯ.

ಇಷ್ಟು ಭಯಂಕರವಾದ ವ್ಯಾಧಿಯನ್ನು ತಡೆಯುವ ಲಸಿಕೆಗಳು ಇಂದು ನಮ್ಮಲ್ಲಿವೆ. ಈ ರೋಗಾಣುಗಳು ಸಕ್ಕರೆಯ ಜಾತಿಯ ವಸ್ತುವಿನ ಹೊದಿಕೆಯನ್ನು ಹೊದ್ದಿರುತ್ತವೆ. ಎಳೆಯ ಮಕ್ಕಳ ಶರೀರ ಆ ಹೊದಿಕೆಯನ್ನು ಶತ್ರುವೆಂದು ಸರಿಯಾಗಿ ಗುರುತಿಸಲಾರದು. ಅದನ್ನು ಒಂದು ಪ್ರೋಟೀನಿಗೆ ಜೋಡಿಸಿ ಕೊಟ್ಟರೆ ಗುರುತು ಹಿಡಿದು, ನೆನಪಿಟ್ಟುಕೊಳ್ಳುತ್ತದೆ. ಸಂಯುಕ್ತ ಲಸಿಕೆಯ ಮರ್ಮವಿದು.

ಇಲ್ಲಿ ನಾವು ನೆಲೆಸಿರುವ ಪುಣೆ ನಗರದ ಪಾತ್ರ ಹಿರಿದು. ಆಫ್ರಿಕದಲ್ಲಿ ಸೆನೆಗಾಲಿನಿಂದ ಇಥಿಯೋಪಿಯದವರೆಗಿನ ಪಟ್ಟಿಯಲ್ಲಿ, ಒಣಹವೆಯ ಕಾಲದಲ್ಲಿ ಈ ರೋಗ ಮತ್ತೆಮತ್ತೆ ಹರಡುತ್ತಿತ್ತು. 1996-97ರಲ್ಲಿ ಅಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರು ನರಳಿದರು. ಸುಮಾರು 25,000 ಜನರು ಮಡಿದರು. ಆ ಬಡನಾಡುಗಳಿಗೆ ನಿಲುಕುವ ಬೆಲೆಯ ಲಸಿಕೆಯನ್ನು ತಯಾರಿಸಿದುದು ಪುಣೆಯ ಹಡಪ್ಸರದ ಸೀರಮ್ ಇನ್‌ಸ್ಟಿಟ್ಯೂಟ್. ಆರಂಭದಲ್ಲಿ ಒಂದು ಚುಚ್ಚುಮದ್ದಿನ ಬೆಲೆ ಅರ್ಧ ಡಾಲರಿಗಿಂತಲೂ ಕಡಿಮೆಯಿತ್ತು. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಲ್ಲಿ ಅದನ್ನು ಹಾಕಲು ಆರಂಭವಾಯಿತು. ಮುಂದೆ ಮೂವತ್ತು ಕೋಟಿಗೂ ಮಿಕ್ಕ ಜನರು ಅದನ್ನು ಪಡೆದರು. ಗುಂಪು 'ಎ' ಮೆನಿಂಗೊಕಾಕಸ್ಸಿನ ಹಾವಳಿ ಆ ಪಟ್ಟಿಯಿಂದ ಅಳಿಯಿತು. ಐದು ಗುಂಪುಗಳನ್ನು ತಡೆಯುವ, ಇಲ್ಲಿಯೇ ತಯಾರಾದ ಹೊಸ ಲಸಿಕೆಯ ಬಳಕೆ ನೈಜೀರಿಯದಲ್ಲಿ 2024ರಲ್ಲಿ ಆರಂಭವಾಯಿತು.

ನಮ್ಮ ದೇಶದಲ್ಲಿ ಹಿಬ್ ಮತ್ತು ನ್ಯುಮೊಕಾಕಸ್ಸುಗಳ ಲಸಿಕೆಯನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಮೊದಲ ಚುಚ್ಚುಮದ್ದು ಮಗುವಿಗೆ ಆರು ವಾರವಾದಾಗ. ಉದ್ಯೋಗಕ್ಕಾಗಿ ಊರಿಂದೂರಿಗೆ ಬರುವ ನಮ್ಮಂತಹ ಕುಟುಂಬಗಳಲ್ಲಿ ಲಸಿಕೆಯ ಕಾರ್ಡು ಊರಿನಲ್ಲಿಯೇ ಉಳಿದು, ಮುಂದಿನ ಚುಚ್ಚುಮದ್ದುಗಳು ತಪ್ಪಿಹೋಗುವುದುಂಟು. ಕಾರ್ಡು ಇಲ್ಲವೆಂದು ಸುಮ್ಮನಿರದೆ ಹತ್ತಿರದ ಕೇಂದ್ರದಲ್ಲಿ ವಿಚಾರಿಸಬೇಕು. ವಿದ್ಯಾರ್ಥಿಗಳೇ, ಈ ಪುಟವನ್ನು ಮನೆಯಲ್ಲಿ ತಾಯಿತಂದೆಯರಿಗೆ ಓದಿ ಹೇಳಿರಿ. ನಿಮ್ಮ ಪುಟ್ಟ ತಮ್ಮ ತಂಗಿಯರ ಕಾರ್ಡನ್ನು ಇಂದೇ ಒಮ್ಮೆ ತೆಗೆದು ನೋಡಿರಿ.