ಅಳಿವೆಯಲ್ಲಿ ಗಾಳ: ಹಿಡಿಯುವುದು ಸುಲಭ, ಬಿಡುವುದೇ ಕಷ್ಟ

ತೋಟಕ್ಕೆ ಮದ್ದು ಬಿಟ್ಟು ಮುಗಿಯಿತು. ಮಳೆ ಹಿಂದೆ ಸರಿಯಿತು. ಹೊಳೆಯ ಕೆಂಪು ನೀರು ತಿಳಿಯಾಗಿ, ಉಪ್ಪು ಮತ್ತೆ ಮೇಲಕ್ಕೆ ಹತ್ತತೊಡಗಿತು. ಅಕ್ಟೋಬರಿನಿಂದ ಮೇ ತನಕ ಕರಾವಳಿಯ ಹೊಳೆಬದಿಯ ಕೃಷಿಕರಲ್ಲಿ ಕೆಲವರಿಗೆ ಸಂಜೆ ಹೊತ್ತು ಕೈ ತುರಿಸುವ ಕಾಲ. ಗಾಳ ಹಾಕೋದು ನಮಗೆ ಹೊಟ್ಟೆಪಾಡಲ್ಲ, ಹವ್ಯಾಸ. ಸಿಕ್ಕಿದರೆ ಒಂದು ಸಾರು, ಸಿಗದಿದ್ದರೆ ಒಂದು ಸಂಜೆ.

ಕಾಳಿಯಿಂದ ನೇತ್ರಾವತಿಯವರೆಗೆ ನಮ್ಮ ಎಲ್ಲ ಹೊಳೆಗಳಿಗೂ ಅಳಿವೆ ಇದೆ. ಸಮುದ್ರದ ಉಪ್ಪು, ಘಟ್ಟದ ಸಿಹಿ ಎರಡೂ ಬೆರೆಯುವ ಜಾಗ ಅದು. ದೋಣಿ ಬೇಡ, ದೊಡ್ಡ ಬಂಡವಾಳ ಬೇಡ. ಬೇಕಾದ್ದು ತಾಳ್ಮೆ, ಜೊತೆಗೆ ಒಂದಿಷ್ಟು ತಿಳಿವಳಿಕೆ. ಇಪ್ಪತ್ತು ವರ್ಷಕ್ಕೂ ಮೇಲೆ ದಂಡೆಯಲ್ಲಿ ಕೂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ತಪ್ಪು ಮಾಡಿ ಕಲಿತದ್ದೇ ಹೆಚ್ಚು.

ಮೊದಲು ಪಂಚಾಂಗ, ಆಮೇಲೆ ಗಾಳ

ಹೊಸಬರು ಮೊದಲು ಕೇಳುವುದು ಯಾವ ರಾಡ್, ಯಾವ ರೀಲ್ ಎಂದು. ಕೇಳಬೇಕಾದ್ದು ಭರತ ಯಾವಾಗ ಎಂದು. ನೀರು ನಿಂತಾಗ ಮೀನೂ ನಿಲ್ಲುತ್ತದೆ. ನೀರು ಹರಿದಾಡಿದರೆ ಮಾತ್ರ ಸಿಗಡಿ, ಮರಿಮೀನುಗಳು ಅಲ್ಲಾಡುತ್ತವೆ. ಅವುಗಳ ಹಿಂದೆ ದೊಡ್ಡವು ಬರುತ್ತವೆ.

ನಮ್ಮಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡೂ ಭರತ ಒಂದೇ ಎತ್ತರಕ್ಕೆ ಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಹತ್ತಿರ ಸಪ್ಪೆ.

ಒಂದು ಸುಲಭ ಲೆಕ್ಕ ಹೇಳುತ್ತೇನೆ. ನಿಮ್ಮ ಜಾಗದಲ್ಲಿ ಅಮಾವಾಸ್ಯೆಯ ದಿನ ನೀರು ಪೂರ್ತಿ ತುಂಬುವ ಹೊತ್ತನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಅಲ್ಲಿಂದ ದಿನಕ್ಕೆ ಸುಮಾರು 50 ನಿಮಿಷ ಕೂಡಿಸುತ್ತಾ ಹೋಗಿ. ಅಮಾವಾಸ್ಯೆಗೆ 11 ಗಂಟೆಗೆ ತುಂಬಿದ್ದರೆ ಪಂಚಮಿಗೆ ಮಧ್ಯಾಹ್ನ ಮೂರು ಗಂಟೆಯ ಮೇಲೆ ತುಂಬುತ್ತದೆ. ಅರ್ಧ ಗಂಟೆ ಆಚೀಚೆ ಆದೀತು, ನಮ್ಮ ಕೆಲಸಕ್ಕೆ ಅಷ್ಟು ಸಾಕು. ಅಳಿವೆಯಿಂದ ಮೇಲೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ. ಆದ್ದರಿಂದ ಪಕ್ಕದೂರಿನ ಲೆಕ್ಕ ನಿಮಗೆ ಹೊಂದದು, ನಿಮ್ಮ ಕಟ್ಟೆಯದೇ ಬರೆದಿಡಿ.

ನನ್ನ ಅನುಭವದಲ್ಲಿ ಒಳ್ಳೆಯ ಹೊತ್ತು ಎರಡು. ಭರತ ತುಂಬುವ ಕೊನೆಯ ಒಂದೂವರೆ ಗಂಟೆ ಒಂದು, ಇಳಿತ ಶುರುವಾದ ಮೊದಲ ಒಂದು ಗಂಟೆ ಇನ್ನೊಂದು. ಇದು ಮುಸ್ಸಂಜೆಗೆ ಕೂಡಿ ಬಂದರೆ ಕೊಟ್ಟಿಗೆ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಹೊರಡಬಹುದು!

ಸಾಮಾನು ಎಷ್ಟು ಬೇಕು?

ಬರೀ ಕೈಗಾಳದಿಂದಲೂ ಸಾಕಷ್ಟು ಹಿಡಿಯಬಹುದು. ಒಂದು ಮರದ ತುಂಡಿಗೆ 50 ಮೀಟರ್ ತಂಗೂಸಿ ಸುತ್ತಿಕೊಂಡರೆ ಆಯಿತು. ರಾಡ್ ಬೇಕೆಂದರೆ ಏಳೆಂಟು ಅಡಿಯದ್ದು, ಜೊತೆಗೆ ಸಾಧಾರಣ ಸ್ಪಿನ್ನಿಂಗ್ ರೀಲ್ ಸಾಕು. ತಂಗೂಸಿ 0.35 ಮಿಲಿಮೀಟರ್ ದಪ್ಪದ್ದಿರಲಿ. ತುದಿಯ ಎರಡು ಅಡಿಗೆ ಮಾತ್ರ 0.60 ಮಿ.ಮೀ. ಕಟ್ಟಿ. ಕೆಂಬೇರಿಯ ಹಲ್ಲು, ಕುರಡಿಯ ಕಿವಿರುಮುಚ್ಚಳದ ಅಂಚು, ಕಲ್ಲಿಗಂಟಿದ ಚಿಪ್ಪು, ಈ ಮೂರೂ ತೆಳು ದಾರವನ್ನು ಕತ್ತಿಯಂತೆ ಕತ್ತರಿಸುತ್ತವೆ. ಕುರಡಿಯ ಮುಚ್ಚಳ ನಿಮ್ಮ ಬೆರಳನ್ನೂ ಬಿಡುವುದಿಲ್ಲ, ಅಲ್ಲಿ ಕೈ ಹಾಕಬೇಡಿ.

ದನ ಕಟ್ಟುವ ಗಂಟು ಇಲ್ಲಿ ನಡೆಯದು. ತಂಗೂಸಿ ಜಾರುತ್ತದೆ. ಗಾಳದ ಕಣ್ಣಿಗೆ ದಾರ ತೂರಿಸಿ, ಬಿಡಿ ತುದಿಯನ್ನು ಮುಖ್ಯ ದಾರಕ್ಕೆ ಐದಾರು ಸುತ್ತು ಸುತ್ತಿ, ಕಣ್ಣಿನ ಹತ್ತಿರದ ಸಣ್ಣ ಕುಣಿಕೆಯಲ್ಲಿ ಹಾಯಿಸಿ. ಆಗ ಒಂದು ದೊಡ್ಡ ಕುಣಿಕೆ ಆಗುತ್ತದೆ, ತುದಿಯನ್ನು ಅದರೊಳಗೂ ಹಾಯಿಸಿ ಎಳೆಯಿರಿ. ಬಿಗಿ ಮಾಡುವ ಮೊದಲು ಉಗುಳು ಹಚ್ಚಿ ಒದ್ದೆ ಮಾಡಿ. ಒಣ ತಂಗೂಸಿ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ.

ಸೀಸದ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುವ ಅಭ್ಯಾಸ ಹಲವರಿಗಿದೆ. ಸೀಸ ವಿಷ, ಇಕ್ಕಳ ಬಳಸಿ. ಮನೆಗೆ ಬಂದ ಮೇಲೆ ರೀಲನ್ನು ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಒಂದು ರಾತ್ರಿಯ ಉಪ್ಪು ಸಾಕು, ಅದು ಸೇದಲಾರದಷ್ಟು ಬಿಗಿಯಾಗಲು.

ಇರೆಯಲ್ಲೇ ಇದೆ ಗುಟ್ಟು

ತೋಟದ ಎರೆಹುಳ ಇಲ್ಲಿ ಅಷ್ಟಕ್ಕಷ್ಟೆ. ಉಪ್ಪುನೀರಿಗೆ ಬಿದ್ದ ಕೂಡಲೇ ಸತ್ತು ಸಪ್ಪೆಯಾಗಿ ನೇತಾಡುತ್ತದೆ. ಇಳಿತದಲ್ಲಿ ಕೆಸರು ಕೆದಕಿದರೆ ಸಿಗುವ ಕಾಲುಗಳಿರುವ ಹುಳುವೇ ಬೇರೆ, ಅದು ಉಪ್ಪಿನಲ್ಲೇ ಹುಟ್ಟಿದ್ದು. ಕಾಣೆ ಮೀನಿಗೆ ಅದು ಹಬ್ಬದೂಟ. ಕಾಣೆಯ ಬಾಯಿ ಸಣ್ಣದು. ಎಂಟು, ಹತ್ತನೇ ನಂಬರಿನ ಸಣ್ಣ ಗಾಳ ಬೇಕು. ಮರಳು ತಳದ ಮೇಲೆ ಸಣ್ಣ ಸೀಸ ಹಾಕಿ ಮೆಲ್ಲ ಎಳೆಯುತ್ತಾ ಬರಬೇಕು. ಹುಳು ಇಲ್ಲದಿದ್ದರೆ ಸಿಪ್ಪೆ ತೆಗೆದ ಸಿಗಡಿಯ ತುಂಡು, ಮರುವಾಯಿಯ ಮಾಂಸವೂ ಆದೀತು.

ಕೆಂಬೇರಿ, ಮುರು, ಕುರಡಿಗೆ ಜೀವಂತ ಸಿಗಡಿಯ ಮುಂದೆ ಬೇರೆ ಇರೆ ಇಲ್ಲ. ತಲೆಯ ಮೇಲಿನ ಗರಗಸದಂತಹ ಕೊಂಬಿನ ಬುಡದಲ್ಲಿ ಗಾಳದ ಮೊನೆ ತೂರಿಸಿ. ಹಿಂದೆ ಕಾಣುವ ಕಪ್ಪು ಕಲೆಗೆ ತಾಗಿದರೆ ಸಿಗಡಿ ಸಾಯುತ್ತದೆ. ಅದು ಕಷ್ಟವಾದರೆ ಬಾಲದ ಹಿಂದಿನ ಗೆಣ್ಣಿಗೆ ಚುಚ್ಚಿ. ದಾರಕ್ಕೆ ಒಂದು ಬೂಚು ಕಟ್ಟಿ, ಸಿಗಡಿ ತಳಕ್ಕಿಂತ ಒಂದು ಗೇಣು ಮೇಲೆ ಈಜುವಂತೆ ಬಿಟ್ಟರೆ ಆಯಿತು.

ಸಿಗಡಿ ಇಟ್ಟುಕೊಳ್ಳಲು ಹೊಳೆಯ ನೀರನ್ನೇ ಬಳಸಿ. ಬಾವಿ ನೀರು ಹಾಕಿದರೆ ಸಾಯುತ್ತವೆ. ಬಕೆಟ್ಟಿಗೆ ಒದ್ದೆ ಗೋಣಿ ಮುಚ್ಚಿ ನೆರಳಲ್ಲಿಟ್ಟು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೀರು ಬದಲಿಸಿ.

ಸತ್ತ ಇರೆಯಲ್ಲಿ ಬೂತಾಯಿಯೇ ಮೊದಲು. ಅದರ ಎಣ್ಣೆಯ ವಾಸನೆ ನೀರಿನಲ್ಲಿ ದೂರ ಹರಡುತ್ತದೆ. ಮಾಂಸ ಮೆದು, ಬೇಗ ಕಳಚುತ್ತದೆ. ಮೊದಲೇ ಕಲ್ಲುಪ್ಪು ಸವರಿಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ. ಬಂಗುಡೆಯ ತುಂಡು ಇದಕ್ಕಿಂತ ತಾಳಿಕೆ.

ನುಂಗಿದ ಗಾಳ

ಈಗ ನನ್ನ ಒಂದು ತಪ್ಪಿನ ಕತೆ. ಮೊದಲೆಲ್ಲ ಬೂಚು ಮುಳುಗಿದರೂ ಎಳೆಯದೆ, ಇನ್ನೂ ಗಟ್ಟಿ ಹಿಡಿಯಲಿ ಎಂದು ಕಾಯುತ್ತಿದ್ದೆ. ಒಂದು ಸಂಜೆ ಹಾಗೆ ಕಾದು ಎಳೆದೆ. ಬಂದದ್ದು ಅಂಗೈಯಗಲದ ಕೆಂಬೇರಿ ಮರಿ. ಗಾಳ ಹೊಟ್ಟೆಯವರೆಗೆ ಇಳಿದಿತ್ತು. ಎಳೆದು ತೆಗೆಯುವಾಗ ಕರುಳೂ ಬಂತು. ಅದೇ ಸಂಜೆ ಇನ್ನೂ ನಾಲ್ಕು ಅಂಥವೇ. ಐದೂ ಸೇರಿ ಒಂದು ಹಿಡಿ ಸಾರಿಗೂ ಸಾಲಲಿಲ್ಲ. ನರ್ಸರಿಯ ಸಸಿ ಕಿತ್ತು ಪಲ್ಯ ಮಾಡಿದ ಹಾಗಾಯಿತು ನನ್ನ ಕೆಲಸ.

ಆಮೇಲೆ ವೃತ್ತಗಾಳಕ್ಕೆ ಬದಲಾದೆ. ಅಂಗಡಿಯಲ್ಲಿ ಸರ್ಕಲ್ ಹುಕ್ ಎಂದು ಕೇಳಿ. ಇದರ ಮೊನೆ ನೇರ ನಿಲ್ಲದೆ ಒಳಕ್ಕೆ ಬಾಗಿರುತ್ತದೆ. ಮೀನು ನುಂಗಿದರೂ ದಾರ ಬಿಗಿಯಾದಾಗ ಗಾಳ ಹೊರಕ್ಕೆ ಜಾರಿ ತುಟಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಕಷ್ಟ, ಜಗ್ಗುವ ಅಭ್ಯಾಸ ಬಿಡಬೇಕು. ಫಕ್ಕನೆ ಎಳೆದರೆ ಬರೀ ಗಾಳ ಬರುತ್ತದೆ. ಮೀನು ಕಚ್ಚಿ ಓಡುವಾಗ ಮೆಲ್ಲ ಬಿಗಿ ಮಾಡುತ್ತಾ ಸುತ್ತಿದರೆ ಸಾಕು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಬಿಡಿಸುವುದು ಇನ್ನೂ ಸುಲಭ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದೂ ಅಪರೂಪ.

ಯಾವುದನ್ನು ಬಿಡಬೇಕು, ಯಾಕೆ?

ಇದು ಬರೀ ಕರುಣೆಯ ಮಾತಲ್ಲ, ಲೆಕ್ಕದ ಮಾತು.

ಕೆಂಬೇರಿಯ ಮರಿಗಳು ಕಾಂಡ್ಲಾ ಬೇರುಗಳ ನಡುವೆ, ಹೊಳೆಯ ಕಲ್ಲುಸಂದುಗಳಲ್ಲಿ ಬೆಳೆಯುತ್ತವೆ. ದೊಡ್ಡದಾದ ಮೇಲೆ ಕಡಲಿನ ಕಲ್ಲುಗಳಿಗೆ ಹೋಗಿ ಅಲ್ಲಿ ಮೊಟ್ಟೆ ಇಡುತ್ತವೆ. ಒಂದು ಮೊಳ ದಾಟಿದ ಮೇಲೇ ಅದಕ್ಕೆ ಸಂಸಾರದ ಯೋಗ್ಯತೆ. ಅಂದರೆ ಹೊಳೆಯಲ್ಲಿ ನಮಗೆ ಸಿಗುವ ಕೆಂಬೇರಿಗಳು ಹೆಚ್ಚುಕಮ್ಮಿ ಎಲ್ಲವೂ ಮಕ್ಕಳೇ. ಒಂದು ಸಲವೂ ಮೊಟ್ಟೆ ಇಟ್ಟವಲ್ಲ.

ಕುರಡಿಯದು ಇನ್ನೂ ವಿಚಿತ್ರ. ಕೆಲವೆಡೆ ಕೊಳಜಿ ಎನ್ನುವ, ಪಂಜರದಲ್ಲಿ ಸಾಕುವವರು ಸೀಬಾಸ್ ಎನ್ನುವ ಮೀನೇ ಇದು. ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ತೀರಾ ದೊಡ್ಡ ಕುರಡಿ ಎಂದರೆ ಸಾಮಾನ್ಯವಾಗಿ ತಾಯಿಯೇ. ಅಂತಹ ಒಂದು ಮೀನು ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಫೋಟೋಕ್ಕೆ ಚೆಂದ ಕಾಣುವುದು ಅದೇ, ಬಿಡಬೇಕಾದ್ದೂ ಅದೇ!

ಮುರು ಇದಕ್ಕೆ ತದ್ವಿರುದ್ಧ. ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ದೊಡ್ಡವನ್ನೆಲ್ಲ ಹಿಡಿದು ಮುಗಿಸಿದರೆ ಉಳಿಯುವುದು ಗಂಡಿಲ್ಲದ ಹಿಂಡು.

ತೆಂಗಿನಲ್ಲಿ ಬೀಜಕ್ಕೆ ತಾಯಿಮರ ಗುರುತಿಸಿ ಇಡುವವರು ನಾವು. ಹೊಳೆಯಲ್ಲೂ ಅದೇ ಬುದ್ಧಿ ಬೇಡವೇ? ನಾನು ಹಾಕಿಕೊಂಡ ನಿಯಮ ಇಷ್ಟು: ತೀರಾ ಸಣ್ಣದು ಬೇಡ, ತೀರಾ ದೊಡ್ಡದು ಬೇಡ, ನಡುವಿನದು ಎರಡು ಸಾಕು. ಎರಡು ಸಿಕ್ಕ ಮೇಲೆ ಗಾಳ ಸುತ್ತಿ ಮನೆಗೆ.

ಬಿಡುವುದಕ್ಕೂ ಕ್ರಮ ಇದೆ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಒಣ ಕೈಗೆ ಅದರ ಲೋಳೆ ಕಿತ್ತು ಬರುತ್ತದೆ. ಬಿಸಿ ಮರಳಿನ ಮೇಲೆ ಎಳೆಯಬೇಡಿ. ಗಾಳ ನುಂಗಿದ್ದರೆ ತೆಗೆಯಲು ಹೋಗದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡಿ, ಎಳೆದು ಹರಿಯುವುದಕ್ಕಿಂತ ಅದು ಬದುಕುವ ಸಾಧ್ಯತೆ ಹೆಚ್ಚು. ಸೋತ ಮೀನನ್ನು ನೀರಿನೊಳಗೆ ಹರಿವಿಗೆ ಮುಖ ಮಾಡಿ ಹಿಡಿದುಕೊಂಡಿರಿ. ಶಕ್ತಿ ಬಂದ ಕೂಡಲೇ ಅದೇ ಕೈಬಿಡಿಸಿಕೊಂಡು ಹೋಗುತ್ತದೆ.

ಜಾಗ್ರತೆ

ಜೂನ್‌ನಿಂದ ಆಗಸ್ಟ್ ತನಕ ಕಡಲಬದಿಯ ಬಂಡೆಯ ಕಡೆ ತಲೆ ಹಾಕಬೇಡಿ. ಬೇಸಿಗೆಯಲ್ಲೂ ಇಳಿಯುವ ಮೊದಲು ಕಾಲು ಗಂಟೆ ದೂರ ನಿಂತು ನೋಡಿ. ಒದ್ದೆಯಾದ ಬಂಡೆ ಎಂದರೆ ಅಲೆ ಅಲ್ಲಿಗೆ ಬರುತ್ತದೆ ಎಂದೇ ಅರ್ಥ. ಒಬ್ಬರೇ ಹೋಗಬೇಡಿ.

ತೇಡೆಯ ಬೆನ್ನಿನಲ್ಲಿ, ಪಕ್ಕದಲ್ಲಿ ಮುಳ್ಳಿದೆ. ತೊರಕೆಯ ಬಾಲದಲ್ಲೂ ಇದೆ. ಚುಚ್ಚಿದರೆ ಉರಿ ಸಹಿಸಲಾಗದು. ಚರ್ಮ ಸುಡದಷ್ಟು, ಆದರೆ ತಾಳುವಷ್ಟು ಬಿಸಿನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಅದ್ದಿಟ್ಟರೆ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಚುಚ್ಚದ ಕೈಯಲ್ಲಿ ನೋಡಿಕೊಳ್ಳಿ. ಮುರಿದ ಮುಳ್ಳು ಒಳಗೆ ಉಳಿದಿದ್ದರೆ, ಗಾಯ ಆಳವಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಚೆಂಡಿನ ಹಾಗೆ ಹೊಟ್ಟೆ ಉಬ್ಬಿಸುವ ಮೀನು ಸಿಕ್ಕಿದರೆ ಬಿಟ್ಟುಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಇನ್ನೊಂದು ಮಾತು ನಮಗಲ್ಲ, ಬೇರೆಯವರಿಗಾಗಿ. ಇಳಿತದಲ್ಲಿ ಹೆಂಗಸರು ಬರಿಗಾಲಲ್ಲಿ, ಬರಿಗೈಯಲ್ಲಿ ಕೆಸರು ಬಗೆದು ಮರುವಾಯಿ ಹೆಕ್ಕುತ್ತಾರೆ. ಅದು ಅವರ ಅನ್ನ. ನಾವು ಬಿಸಾಡಿದ ಗಾಳ ಅವರ ಕಾಲಿಗೆ ನಾಟುತ್ತದೆ. ತುಂಡು ತಂಗೂಸಿ ಹಕ್ಕಿಯ ಕಾಲಿಗೆ ಸುತ್ತುತ್ತದೆ, ದಂಡೆಯಲ್ಲಿ ಮೇಯುವ ದನದ ಹೊಟ್ಟೆ ಸೇರುತ್ತದೆ. ಒಂದು ಡಬ್ಬಿ ಒಯ್ಯಿರಿ, ಚೂರನ್ನೆಲ್ಲ ಅದರಲ್ಲಿ ಹಾಕಿ ವಾಪಸು ತನ್ನಿ. ಬಲೆ ಕಟ್ಟಿದ ಜಾಗದಲ್ಲಿ ಗಾಳ ಎಸೆಯಬೇಡಿ.

ನೂರೈವತ್ತು ವರ್ಷದ ಹಳೆಯ ದೂರು

ಗಾಳಕ್ಕೆ ನಮ್ಮ ಕರಾವಳಿಯಲ್ಲಿ ಒಂದು ಚರಿತ್ರೆಯೂ ಇದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷರವನಿಗೆ ಗಾಳದ ಹುಚ್ಚು. ಅವನು ಬರೆದ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದಕ್ಕೂ ಮೊದಲೇ ಜಿಲ್ಲೆಯ ಹೊಳೆಗಳಲ್ಲಿ ಮೀನುಮರಿಗಳ ನಾಶದ ಬಗ್ಗೆ ಅವನು ಸರಕಾರಕ್ಕೆ ವರದಿ ಬರೆದಿದ್ದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿಗೆ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸಿತು.

ಆದರೂ ಬೇಸಿಗೆಯ ಗುಂಡಿಗಳಿಗೆ ಬ್ಲೀಚಿಂಗ್ ಪೌಡರ್, ಕೀಟನಾಶಕ ಬೀಳುವುದು ಪೂರ್ತಿ ನಿಂತಿಲ್ಲ. ಅದು ಬೀಳುವ ಡಬ್ಬಿ ಬಹಳ ಸಲ ಕೃಷಿಕರ ಮನೆಯದ್ದೇ. ಒಂದು ಬುಟ್ಟಿ ಮೀನಿಗಾಗಿ ಸಿಗಡಿ, ಹುಳು, ಮೊಟ್ಟೆ, ಮರಿ ಎಲ್ಲ ಸಾಯುತ್ತದೆ. ಗಾಳದಲ್ಲಿ ಆದರೆ ಒಂದೊಂದೇ ಮೀನು, ಅದೂ ಜೀವಂತವಾಗಿ ಕೈಗೆ ಬರುತ್ತದೆ. ಬೇಡವೆಂದರೆ ಬಿಡುವ ಅವಕಾಶ ಇರುವುದು ಅದರಲ್ಲಿ ಮಾತ್ರ. ಆ ಅವಕಾಶವನ್ನು ಬಳಸಿಕೊಂಡರೆ ನಮ್ಮ ಮಕ್ಕಳಿಗೂ ಬೂಚು ಮುಳುಗುವುದನ್ನು ನೋಡುವ ಭಾಗ್ಯ ಉಳಿದೀತು.

ನಿಮ್ಮ ಅಳಿವೆಯಲ್ಲಿ ಮೊದಲು ಸಿಗುತ್ತಿದ್ದು ಈಗ ಕಾಣದ ಮೀನು ಯಾವುದು? ನಿಮ್ಮಲ್ಲಿ ಯಾವ ಇರೆ ನಡೆಯುತ್ತದೆ? ಬರೆದು ಪತ್ರಿಕೆಗೆ ಕಳಿಸಿ. ಊರೂರಿನ ಅನುಭವ ಒಟ್ಟಾದರೆ ಎಲ್ಲರಿಗೂ ಉಪಕಾರ.