ಬರೆದಿಟ್ಟ ಟೇಪನ್ನು ಓದಿಸಿ ನೋಡಿದಿರಾ?

ಟೇಪು ಎಂದೊಡನೆ ಹಾಡಿನ ಕ್ಯಾಸೆಟ್ಟು ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಅದರ ದಾಯಾದಿಯ ವಿಷಯ. ಕಛೇರಿ, ಬ್ಯಾಂಕುಗಳ ಲೆಕ್ಕಪತ್ರಗಳ ಪ್ರತಿಯನ್ನು ಕಾಯುವ ಟೇಪಿನದು. ನಮ್ಮ ಸಂಘದಲ್ಲಿ ಗುಮಾಸ್ತರು ಬಹಳ, ಅವರ ಮಕ್ಕಳಲ್ಲಿ ಕಂಪ್ಯೂಟರಿನ ಕೆಲಸದವರೂ ಬಹಳ. ನಮ್ಮ ಪಿಂಚಣಿ, ಪ್ರಾವಿಡೆಂಟ್ ಫಂಡುಗಳ ಲೆಕ್ಕವೂ ಇಂಥ ಟೇಪಿನ ಮೇಲೆ ಇರುವ ಸಂಭವವುಂಟು.

ಈ ಕಾಲದಲ್ಲಿಯೂ ಟೇಪೇಕೆ ಎನ್ನುವವರಿಗೆ 2011ರ ಫೆಬ್ರುವರಿಯ ಸಂಗತಿ ಹೇಳಬೇಕು. ಗೂಗಲಿನ ಸಾಫ್ಟ್‌ವೇರಿನಲ್ಲಿ ದೋಷ ಹೊಕ್ಕು, ಜಿಮೇಲ್ ಬಳಸುವವರಲ್ಲಿ ಶೇಕಡಾ 0.02ರಷ್ಟು ಮಂದಿಯ ಪತ್ರಗಳೆಲ್ಲ ಮಾಯವಾದವು. ಬೇರೆ ಬೇರೆ ಕೇಂದ್ರಗಳಲ್ಲಿದ್ದ ಪ್ರತಿಗಳಿಗೂ ದೋಷ ತಗುಲಿತು. ಕಡೆಗೆ ಕಾಪಾಡಿದ್ದು ಟೇಪು. ಯಂತ್ರದಿಂದ ಹೊರಗಿದ್ದುದರಿಂದಲೇ ಅದು ಉಳಿದಿತ್ತು.

ಇಂದು ಹೆಚ್ಚು ಬಳಕೆಯಲ್ಲಿರುವುದು ಎಲ್‌ಟಿಓ ಎಂಬ ಜಾತಿ. 2000ನೆಯ ಇಸವಿಯ ಮೊದಲ ಪೀಳಿಗೆಯದು 100 ಗಿಗಾಬೈಟ್ ಹಿಡಿಸುತ್ತಿತ್ತು. 2021ರ ಒಂಬತ್ತನೆಯದು 18 ಟೆರಾಬೈಟ್. ಡಬ್ಬಿಯೊಳಗೆ ಸುರುಳಿ ಒಂದೇ. ಟೇಪಿನ ತುದಿಗೆ ಸಣ್ಣ ಲೋಹದ ಕಡ್ಡಿ. ಡ್ರೈವು ಆ ಕಡ್ಡಿಯನ್ನು ಹಿಡಿದೇ ಟೇಪನ್ನು ಒಳಗೆಳೆಯುತ್ತದೆ. ಡಬ್ಬಿ ಕೈಜಾರಿ ಬಿದ್ದರೆ ಕಡ್ಡಿ ಸ್ಥಾನ ತಪ್ಪಬಹುದು. ಹೊರಗೆ ಬಿರುಕಿಲ್ಲವೆಂದು ಹಾಗೆಯೇ ತುರುಕಿದರೆ ಡ್ರೈವಿಗೂ ಕೇಡು. ಡಬ್ಬಿಯ ಪುಟ್ಟ ಬಾಗಿಲನ್ನು ಸರಿಸಿ ನೋಡುವುದು ಅರ್ಧ ನಿಮಿಷದ ಕೆಲಸ.

ಮುಂಬಯಿ, ಚೆನ್ನೈಗಳಲ್ಲಿರುವ ನಮಗೆ ತೇವವೇ ದೊಡ್ಡ ಶತ್ರು. ಹೊರಗಿನಿಂದ ತಂದ ಟೇಪನ್ನು ಹವಾನಿಯಂತ್ರಿತ ಕೋಣೆಯಲ್ಲಿ ಒಂದು ದಿನ ಸುಮ್ಮನಿರಿಸಿ, ಆಮೇಲೆ ಡ್ರೈವಿಗೆ ಹಾಕಬೇಕು. ಬಹುಕಾಲ ಕಾಯ್ದಿಡಲು 16ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 20ರಿಂದ 50ರ ಆರ್ದ್ರತೆ ಹಿತ. ಮಲಗಿಸದೆ ನೆಟ್ಟಗೆ ನಿಲ್ಲಿಸಿಡಿ.

ಓದದೆ ಹೋದರೆ ಕೂಡಲೇ ಟೇಪನ್ನು ಬೈಯಬೇಡಿ. ಚೆನ್ನಾಗಿದೆಯೆಂದು ತಿಳಿದಿರುವ, ಆದರೆ ಮುಖ್ಯವಲ್ಲದ ಇನ್ನೊಂದನ್ನು ಅದೇ ಡ್ರೈವಿಗೆ ಹಾಕಿ. ಅದೂ ಓದದಿದ್ದರೆ ದೋಷ ಬಹುಮಟ್ಟಿಗೆ ಡ್ರೈವಿನದು. ಶುಚಿಮಾಡುವ ಟೇಪನ್ನು ಡ್ರೈವು ದೀಪ ತೋರಿ ಕೇಳಿದಾಗ ಮಾತ್ರ ಹಾಕಬೇಕು. ವಾರಕ್ಕೊಮ್ಮೆ ಅಭ್ಯಂಜನ ಮಾಡಿಸುವ ಉತ್ಸಾಹಿಗಳೂ ಉಂಟು! ಅದರಿಂದ ಹೆಡ್ಡು ಸವೆಯುತ್ತದೆ.

ಬರೆಯುವ ಕೆಲಸ ಮುಗಿಯಿತೆಂದು ಪರದೆ ಹೇಳಿದರೆ ಸಾಲದು. ಮೂರು ತಿಂಗಳಿಗೊಮ್ಮೆಯಾದರೂ ಯಾವುದೋ ಒಂದು ಟೇಪನ್ನೆತ್ತಿ, ನಾಲ್ಕಾರು ಕಡತಗಳನ್ನು ಬೇರೆ ಯಂತ್ರಕ್ಕಿಳಿಸಿ, ತೆರೆದು ನೋಡಬೇಕು. ನಮ್ಮ ಗುಮಾಸ್ತರ ಭಾಷೆಯಲ್ಲಿ ಹೇಳುವುದಾದರೆ, ಶಿಲ್ಕು ಎಣಿಸದೆ ತಿಜೋರಿಗೆ ಬೀಗ ಹಾಕಬಾರದು.

ಟೇಪಿಗೆ ತಯಾರಕರು 30 ವರ್ಷದ ಆಯುಸ್ಸು ಹೇಳುತ್ತಾರೆ. ಆದರೆ ಏಳನೆಯ ಪೀಳಿಗೆಯವರೆಗಿನ ಡ್ರೈವುಗಳು ಹಿಂದಿನ ಎರಡು ಪೀಳಿಗೆಗಳ ಟೇಪನ್ನು ಓದಿದರೆ, ಎಂಟು, ಒಂಬತ್ತನೆಯವು ಓದುವುದು ಹಿಂದಿನ ಒಂದನ್ನು ಮಾತ್ರ. ಹಳೆಯ ಡ್ರೈವನ್ನು ಗುಜರಿಗೆ ಕಳುಹಿಸುವ ಮುನ್ನ, ಅದರ ಟೇಪುಗಳಲ್ಲಿದ್ದುದೆಲ್ಲ ಹೊಸದಕ್ಕೆ ಬಂದಿದೆಯೇ ಎಂದು ವಿಚಾರಿಸಿರಿ.